ಎಡಗೈಯಣ್ಣನ ಕಡ್ಡಿಗೆ ಛತ್ರಿಯಕ್ಕನ ದಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಛತ್ರಿ ಕಾರ್ಖಾನೆಯ ಕಿಟಕಿಯ ಪಕ್ಕದ ಮಣೆಯ ಮೇಲೆ ಕುಳಿತ ಛತ್ರಿಯಕ್ಕ ಆಗಲೇ ಮೂರನೆಯ ಛತ್ರಿಗೆ ಕೈ ಹಾಕಿದ್ದಾರೆ. ಕಡ್ಡಿಯ ತುದಿಯಲ್ಲಿ ತಂತಿ ಸುತ್ತಿ ಮಾಡಿದ ಪುಟ್ಟ ಕಣ್ಣು. ಅದರೊಳಗೆ ಸೂಜಿ ತೂರಿಸಿ ಬಟ್ಟೆಯನ್ನು ಬಿಗಿಯುವುದು ಅವರ ಕೆಲಸ. ಛತ್ರಿಗೆ ಎಂಟು ಕಡ್ಡಿ, ದಿನಕ್ಕೆ ನೂರಿಪ್ಪತ್ತು ಛತ್ರಿ.

ಈ ವಿಶಾಲ ದೇಶದಲ್ಲಿ ಸೀಮೆಗೊಂದು ಕಸುಬು ಎಂಬುದು ಸರ್ಕಾರ ಹಾಕಿಕೊಟ್ಟ ಪದ್ಧತಿ. ಬಟ್ಟೆ ಪಡುವಣದ ಮಗ್ಗಗಳಿಂದ, ಹಿಡಿ ಕಾಡಂಚಿನ ಊರಿನಿಂದ, ಕಡ್ಡಿ ಎರಡು ದಿನದ ರೈಲುದಾರಿಯಾಚೆಯ ಕಬ್ಬಿಣದ ಊರಿನಿಂದ ಬರುತ್ತವೆ. ಒಂದೂರಿನವರು ಇನ್ನೊಂದೂರಿನವರ ಮುಖ ಕಂಡಿಲ್ಲ. ಛತ್ರಿಯಕ್ಕ ಮಾತ್ರ ಒಬ್ಬರನ್ನು ಕೈಕೆಲಸದಿಂದಲೇ ಗುರುತು ಹಿಡಿದಿದ್ದಾರೆ. ಅವರಿಗೆ ಬರುವ ಕಡ್ಡಿಗಳ ಕಣ್ಣು ಎಡಕ್ಕೆ ಸುತ್ತಿರುತ್ತಿತ್ತು. "ಎಡಗೈಯವನೇ ಇರ್ಬೇಕು ಅಂದ್ಕೊಂಡೆ. ಎಡಗೈಯಣ್ಣ ಅಂತ ಹೆಸರಿಟ್ಟೆ. ಹನ್ನೊಂದು ವರ್ಷ ನನ್ನ ಸೂಜಿ ಅವನ ದಾರಿ ಹಿಡಿದೇ ಓಡ್ತು."

ಕಳೆದ ತಿಂಗಳು ಕಣ್ಣುಗಳು ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿದವು. ಸೂಜಿ ತಡವರಿಸಿತು, ನೂರಿಪ್ಪತ್ತು ತೊಂಬತ್ತಕ್ಕೆ ಇಳಿಯಿತು. ದೂರು ಬರೆದುಕೊಡಲು ಮೇಸ್ತ್ರಿ ಹೇಳಿದರು. "ಬರೆದ್ರೆ ಅಲ್ಲಿ ಯಾರ ತಲೆ ಮೇಲೆ ಬೀಳುತ್ತೋ! ನನಗೆ ಬೇಕಾಗಿದ್ದು ಅವನಿಗೇನಾಯ್ತು ಅನ್ನೋದು. ಕೈಗೆ ಪೆಟ್ಟಾಯ್ತೋ, ಕೆಲಸದಿಂದ ತೆಗೆದ್ರೋ."

ಪಕ್ಕದ ಮಣೆಯಾಕೆ ಸುಮ್ಮನೆ ಬಿಟ್ಟಾಳೆಯೇ? "ಕಾಣದ ಅಣ್ಣನಿಗೆ ಇಷ್ಟು ಒದ್ದಾಡ್ತೀಯಲ್ಲೇ, ಮನೇಲಿರೋ ಗಂಡ ವಾರದಿಂದ ಕೆಮ್ತಿದಾನಂತೆ, ಒಂದು ಮಾತ್ರೆ ಕೊಟ್ಯಾ?"

ಛತ್ರಿಯಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ವಾಪಸು ಹೋಗುವ ಖಾಲಿ ಪೆಟ್ಟಿಗೆಯೊಳಗೆ ಚೀಟಿಯಿಟ್ಟರು: 'ಎಡಗೈಯಣ್ಣ, ಕ್ಷೇಮವೇ?'

ಹದಿನೆಂಟನೆಯ ದಿನ ಕಡ್ಡಿಯ ಕಟ್ಟುಗಳ ನಡುವೆ ಉತ್ತರ ಸಿಕ್ಕಿತು: 'ಅಣ್ಣ ಅಲ್ಲ, ನಮ್ಮ ಅತ್ತಿಗೆ. ಕ್ಷೇಮ. ಮಗಳ ಹೆರಿಗೆಗೆ ಹೋಗಿದ್ದಾರೆ, ಮುಂದಿನ ತಿಂಗಳು ಬರುತ್ತಾರೆ. ಅಲ್ಲಿಯವರೆಗೆ ಸುತ್ತುವವಳು ನಾನು, ಬೈಯಬೇಡಿ. ನಾವು ಸುತ್ತಿದ ಕಡ್ಡಿ ಛತ್ರಿಯಾಗಿದ್ದನ್ನು ನಾವಿಬ್ಬರೂ ಕಂಡಿಲ್ಲ.'

ಕಾರ್ಖಾನೆಯೇ ಬಿದ್ದು ಬಿದ್ದು ನಕ್ಕಿತು. ಛತ್ರಿಯಕ್ಕನೂ ನಕ್ಕರು. ಆದರೆ ಕಡೆಯ ಸಾಲು ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಕಬ್ಬಿಣದ ಊರಿಗೆ ಒಂದು ಛತ್ರಿ ಕಳಿಸಬೇಕೆಂಬುದು ಅವರ ಆಸೆ. ಕಲೆ ಬಿದ್ದು ಬದಿಗಿಟ್ಟ ಛತ್ರಿಗಳಲ್ಲಿ ಒಂದನ್ನು ಕೊಡಲು ಮೇಸ್ತ್ರಿ ಒಪ್ಪಿದ್ದಾರೆ. ಇವರು ಒಪ್ಪುತ್ತಿಲ್ಲ.

"ಹನ್ನೊಂದು ವರ್ಷ ಅವಳ ಕೆಲಸ ನಾನು ನೋಡಿದೀನಿ," ಎನ್ನುತ್ತ ಛತ್ರಿಯಕ್ಕ ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ. "ನನ್ನ ಕೆಲಸ ಅವಳಿಗೆ ಮೊದಲನೇ ಸಲ ತೋರಿಸೋದು, ಕಲೆ ಬಿದ್ದಿದ್ದನ್ನಾ?"