ಅಡ್ಡ ಹಿಡಿದರೆ ಸೊನ್ನೆ

ನನಗೆ ಥ್ರೋಬಾಲ್ ಆಡಲು ಬರುವುದಿಲ್ಲ. ಇದನ್ನು ಕಂಡುಕೊಳ್ಳಲು ನಮ್ಮ ತಂಡದವರಿಗೆ ಒಂದೇ ಭಾನುವಾರ ಸಾಕಾಯಿತು. ಮೊದಲ ಸರ್ವಿಗೇ ಬಂದ ಚೆಂಡನ್ನು ನಾನು ಕೈಯಲ್ಲಿ ಹಿಡಿಯುವ ಬದಲು ಮೂಗಿನಲ್ಲಿ ಹಿಡಿದೆ. ಕನ್ನಡಕ ಒಂದು ಕಡೆ ಬಿತ್ತು, ನಾನು ಇನ್ನೊಂದು ಕಡೆ. ಆದರೂ ಅವರು ನನ್ನನ್ನು ಮನೆಗೆ ಕಳಿಸಲಿಲ್ಲ. ಮೂಡಿಗೆರೆಯ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು, ಯಾವುದಕ್ಕಾದರೂ ಬೇಕಾದಾಳು ಎಂದು ಉಳಿಸಿಕೊಂಡರು.

ನಾವು ಆಡುತ್ತಿದ್ದುದು ಮಲ್ಲಂದೂರಿನ ಕಡೆಯ ಒಂದು ಎಸ್ಟೇಟಿನ ಕಣದಲ್ಲಿ. ಒಣಗಿದ ಕಾಫಿಯೆಲ್ಲ ಮೂಟೆ ಸೇರಿ ಕ್ಯೂರಿಂಗ್ ಕಾರ್ಖಾನೆಗೆ ಹೋದ ಮೇಲೆ ಆ ಸಿಮೆಂಟಿನ ಕಣ ಮಳೆಗಾಲದವರೆಗೂ ಖಾಲಿ ಬಿದ್ದಿರುತ್ತದೆ. ಎರಡು ಕಂಬಕ್ಕೆ ನೆಟ್ ಕಟ್ಟಿದರೆ ಅದೇ ನಮ್ಮ ಮೈದಾನ. ಎಸ್ಟೇಟಿನ ಒಡತಿ ಎಪ್ಪತ್ತು ದಾಟಿದವರು, ಸುತ್ತಲಿನವರಿಗೆಲ್ಲ ದೊಡ್ಡಮ್ಮ. ಮೊಣಕಾಲು ನೋವಿನಿಂದ ಆಡಲಾಗದ ಸಿಟ್ಟನ್ನು ಅವರು ಸ್ಕೋರ್ ಬರೆಯುವುದರಲ್ಲಿ ತೀರಿಸಿಕೊಳ್ಳುತ್ತಿದ್ದರು. ಕಣದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು ಅವರ ಪದ್ಧತಿ. ಯಾರಾದರೂ ಮರೆತು ಬೆನ್ನು ಒರಗಿಸಿದರೆ ಎರಡು ಪಾಯಿಂಟು ಸೀರೆಗೆ ಅಂಟಿಕೊಂಡು ಹೋಗುತ್ತಿತ್ತು. ಆಮೇಲೆ ಆಟಕ್ಕಿಂತ ಜಗಳವೇ ಉದ್ದ.

ಅಂಥ ಒಂದು ಜಗಳದ ಮಧ್ಯೆ ನಮ್ಮ ಕ್ಯಾಪ್ಟನ್ ನನ್ನತ್ತ ತಿರುಗಿದಳು. ಅವಳು ಅಂಗನವಾಡಿ ಟೀಚರ್, ನನ್ನದೇ ವಯಸ್ಸು, ಗಂಟಲು ಮಾತ್ರ ಮೂರು ಜನರದ್ದು.

“ನೀನು ಕಂಪ್ಯೂಟರ್ ಟೀಚರ್ ಅಲ್ವೇನೆ? ಇದಕ್ಕೊಂದು ಆ್ಯಪ್ ಮಾಡು ಮಾರಾಯ್ತಿ. ಆಡೋದಂತೂ ನಿನ್ನ ಕೈಲಿ ಆಗಲ್ಲ.”

ಅಲ್ಲಿಯವರೆಗೆ ನಾನು ವಿಡಿಯೋ ನೋಡಿಕೊಂಡು ಮಾಡಿದ್ದು ಒಂದೇ ಆ್ಯಪ್. ಅದನ್ನು ತೆರೆದರೆ ‘ನಮಸ್ಕಾರ’ ಎಂದು ಬರುತ್ತಿತ್ತು, ಮುಚ್ಚಿದರೆ ಹೋಗುತ್ತಿತ್ತು. ಅಷ್ಟು ಬಂಡವಾಳ ಇಟ್ಟುಕೊಂಡು “ಓಹೋ, ಅದಕ್ಕೇನಂತೆ” ಎಂದುಬಿಟ್ಟೆ. ಎರಡು ವಾರ ಶಾಲೆ ಬಿಟ್ಟ ಮೇಲೆ ಕೂತು ಮಾಡಿದೆ. ಪರದೆಯ ಅರ್ಧ ಕೆಂಪು, ಅರ್ಧ ಹಸಿರು. ಕೆಂಪು ನಾವು, ಹಸಿರು ಎದುರಿನವರು. ಮುಟ್ಟಿದರೆ ಅಂಕೆ ಒಂದೊಂದೇ ಏರುತ್ತದೆ. ಒಂದು ಅಕ್ಷರವಿಲ್ಲ, ಬರೀ ಎರಡು ದಪ್ಪ ಇಂಗ್ಲಿಷ್ ಅಂಕೆ. ಕ್ರಿಕೆಟ್ ನೋಡಲೆಂದು ದೊಡ್ಡಮ್ಮ ತಾವೇ ಕೊಂಡುಕೊಂಡಿದ್ದ ಟ್ಯಾಬಿಗೆ ಅದನ್ನು ಹಾಕಿಕೊಟ್ಟೆ. ಅವರು ಸೊನ್ನೆಯಿಂದ ಹದಿನೈದರವರೆಗೆ ಮುಟ್ಟಿ ನೋಡಿ, “ಜೋರಾಗಿದೆ ಕಣೇ,” ಎಂದರು. ಆ ದಿನ ನಾನು ಮನೆಗೆ ಹೋದದ್ದು ನಡೆದಲ್ಲ, ತೇಲಿ.

ಮುಂದಿನ ಭಾನುವಾರ ಮೂಡಿಗೆರೆ ಪೇಟೆಯ ತಂಡದೊಂದಿಗೆ ಆಟ. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರೇ ಅಂಪೈರ್. ಎರಡು ಸೆಟ್ ಆಗಿ, ಇಬ್ಬರೂ ಒಂದೊಂದು ಗೆದ್ದು, ಮೂರನೆಯದರಲ್ಲಿ ಪೇಟೆಯವರು ಹದಿಮೂರು, ನಾವು ಹನ್ನೊಂದು. ಹದಿನೈದು ಮುಟ್ಟಿದವರಿಗೆ ಗೆಲುವು. ಗೋಡೆಯ ಮೇಲೆ ಕೂತಿದ್ದ ಜನ “ಎಷ್ಟಾಯ್ತು? ಎಷ್ಟಾಯ್ತು?” ಎಂದು ಕೂಗಿದರು. ಅಲ್ಲಿಯವರೆಗೆ ಟ್ಯಾಬನ್ನು ಉದ್ದಕ್ಕೆ ಮಡಿಲಲ್ಲಿ ಇಟ್ಟುಕೊಂಡಿದ್ದ ದೊಡ್ಡಮ್ಮ, ಎಲ್ಲರಿಗೂ ಕಾಣಲಿ ಎಂದು ಅದನ್ನು ಅಡ್ಡಕ್ಕೆ ಎತ್ತಿ ಹಿಡಿದರು.

ಪರದೆ ಚೆಂದವಾಗಿ ತಿರುಗಿತು. ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಎರಡರಲ್ಲೂ ಸೊನ್ನೆ.

ಮರುಕ್ಷಣ ನಮ್ಮ ತಂಡದವರೆಲ್ಲ ಕೈ ಕೈ ಹಿಡಿದು ಕುಣಿಯತೊಡಗಿದರು.

“ಹೊಸ ಆಟ! ಹೊಸ ಆಟ!” ಎಂದು ಕ್ಯಾಪ್ಟನ್ ಕಿರುಚಿದಳು.

“ಏನ್ ಮೇಡಂ ಇದು?” ಪಿ.ಟಿ. ಮೇಷ್ಟ್ರು ನನ್ನ ಕಡೆ ಬಂದರು. ಟ್ಯಾಬ್ ಇಸಿದುಕೊಂಡು ಉದ್ದಕ್ಕೆ ತಿರುಗಿಸಿದೆ. ಸೊನ್ನೆ. ಮತ್ತೆ ಅಡ್ಡಕ್ಕೆ ಹಿಡಿದೆ. ಸೊನ್ನೆ. ಕೆಂಪನ್ನು ಐದು ಸಲ ಮುಟ್ಟಿ ಐದು ಮಾಡಿ ತಿರುಗಿಸಿದೆ. ಅದೂ ಸೊನ್ನೆ. ನನ್ನ ಮುಖ ಕಾಫಿ ಹಣ್ಣಿನ ಹಾಗೆ ಆಗಿರಬೇಕು.

ದೊಡ್ಡಮ್ಮ ಕುರ್ಚಿಯಿಂದಲೇ ಹೇಳಿದರು: “ಹದಿಮೂರು, ಹನ್ನೊಂದು. ಮಿಷನ್ ಮರೆತ್ರೆ ಮರೀಲಿ, ನಾನ್ಯಾಕೆ ಮರೀಲಿ? ನಿಲ್ಸಿ ಕುಣಿಯೋದು!”

ನಾವು ಹನ್ನೊಂದಕ್ಕೇ ಸೋತೆವು.

ಅವತ್ತು ಸಂಜೆಯೇ ಹುಡುಕಿದಾಗ ತಿಳಿಯಿತು, ಇದು ನನಗೊಬ್ಬಳಿಗೆ ಆದ ಅನಾಹುತವಲ್ಲ. ಆ್ಯಪ್ ಕಲಿಯುವ ಪ್ರತಿಯೊಬ್ಬರೂ ಒಂದು ಸಲ ಬೀಳುವ ಹೊಂಡ. ಆಂಡ್ರಾಯ್ಡಿನಲ್ಲಿ ಫೋನನ್ನು ಅಡ್ಡ ತಿರುಗಿಸಿದಾಗ ನಮಗೆ ಕಾಣುವುದು ಚಿತ್ರ ತಿರುಗಿದ್ದು ಮಾತ್ರ. ಒಳಗೆ ಆಗುವುದೇ ಬೇರೆ. ಅದು ಆ ಪರದೆಯನ್ನು ಪೂರ್ತಿ ಕೆಡವಿ, ಹೊಸ ಅಳತೆಗೆ ಮೊದಲಿನಿಂದ ಕಟ್ಟುತ್ತದೆ. ಹೊಸ ಪರದೆಗೆ ಹಳೆಯ ಆಟದ ನೆನಪಿಲ್ಲ. ನಾನು ‘ಸೊನ್ನೆಯಿಂದ ಶುರು ಮಾಡು’ ಎಂದು ಬರೆದಿದ್ದೆ, ಅದು ಹೇಳಿದ ಮಾತು ಕೇಳಿ ಸೊನ್ನೆಯಿಂದ ಶುರು ಮಾಡಿತ್ತು.

ಸುಲಭದ ದಾರಿಯೂ ಸಿಕ್ಕಿತು. ಒಂದು ಸಾಲು ಬರೆದರೆ ಸಾಕು, ಎಷ್ಟು ತಿರುಗಿಸಿದರೂ ಪರದೆ ಉದ್ದಕ್ಕೇ ನಿಲ್ಲುತ್ತದೆ. ಬರೆದೆ. ಆದರೆ ದೊಡ್ಡಮ್ಮನ ಟ್ಯಾಬಿನ ಕವರು ಮಡಚಿದರೆ ಅಡ್ಡಕ್ಕೆ ಮಾತ್ರ ನಿಲ್ಲುತ್ತದೆ ಎಂದು ನನಗೇನು ಗೊತ್ತು? ಮುಂದಿನ ಭಾನುವಾರ ಅವರು ಅದನ್ನು ಸ್ಟೂಲಿನ ಮೇಲೆ ನಿಲ್ಲಿಸಿದರು. ಅಂಕೆಗಳೆಲ್ಲ ಮಗ್ಗುಲಾಗಿ ಮಲಗಿದವು. ಆಟದ ಮಧ್ಯೆ ತಿರುಗಿ ನೋಡುತ್ತೇನೆ, ಗೋಡೆಯ ಮೇಲಿನ ಜನರೆಲ್ಲ ಸಾಲಾಗಿ ಕುತ್ತಿಗೆ ಬಲಕ್ಕೆ ವಾಲಿಸಿಕೊಂಡು ಕೂತಿದ್ದಾರೆ. ಪಿ.ಟಿ. ಮೇಷ್ಟ್ರು ಸೀಟಿ ಊದುವಾಗಲೂ ತಲೆ ವಾಲಿಸಿಯೇ ಊದುತ್ತಿದ್ದರು.

ಸರಿ, ಅಡ್ಡಕ್ಕೇ ನಿಲ್ಲುವಂತೆ ಆ ಸಾಲನ್ನು ಬದಲಾಯಿಸಿದೆ. ಮೂರನೆಯ ಭಾನುವಾರ ಎಲ್ಲ ಸರಿಯಾಗಿತ್ತು, ಚಾರ್ಜ್ ಮುಗಿಯುತ್ತಾ ಬರುವವರೆಗೆ. ಆಗ ನಾವು ಆರು, ಪೇಟೆಯವರು ಎಂಟು. ವಯರು ಚುಚ್ಚುವ ತೂತು ಗೋಡೆಗೆ ಒತ್ತಿಕೊಂಡಿತ್ತೆಂದು ದೊಡ್ಡಮ್ಮ ಟ್ಯಾಬನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಯಾರೂ ಗಮನಿಸಲಿಲ್ಲ. ಎಂಟು ತಲೆಕೆಳಗಾದರೂ ಎಂಟೇ. ನಮ್ಮ ಆರು ಮಾತ್ರ ಒಂಬತ್ತಾಗಿ ಹೊಳೆಯುತ್ತಿತ್ತು.

“ಕೆಂಪು ಒಂಬತ್ತು, ಹಸಿರು ಎಂಟು,” ಎಂದರು ಮೇಷ್ಟ್ರು.

“ಅದ್ಹೇಗೆ ಸಾರ್?” ಪೇಟೆಯವಳೊಬ್ಬಳು ಸೊಂಟಕ್ಕೆ ಕೈಯಿಟ್ಟಳು. “ಇವ್ರು ಈಗಷ್ಟೇ ಆರಲ್ವಾ?”

“ಆಡ್ರಮ್ಮ, ಆಡಿ. ಕಂಪ್ಯೂಟರ್ ಸುಳ್ಳು ಹೇಳುತ್ತಾ?”

ಮುಂದಿನ ಪಾಯಿಂಟ್ ಪೇಟೆಯವರೇ ಹೊಡೆದರು. ದೊಡ್ಡಮ್ಮ ಹಸಿರನ್ನು ಮುಟ್ಟಿದರು. ಎಂಟು ಹೋಗಿ ಆರಾಯಿತು.

ಪಾಯಿಂಟ್ ಗೆದ್ದು ಎರಡು ಕಳೆದುಕೊಂಡ ತಂಡವನ್ನು ನಾನು ಅದೇ ಮೊದಲು ನೋಡಿದ್ದು. ಅವರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಕ್ಯಾಪ್ಟನ್ ನೆಟ್ಟಿನ ಕಂಬ ಹಿಡಿದುಕೊಂಡು ನಗುತ್ತಾ ನಗುತ್ತಾ ಕೆಳಗೆ ಜಾರಿ ಕೂತಳು. ಅವಳ ನಗು ಪೇಟೆಯವರಿಗೆ ಹತ್ತಿತು, ಅವರದ್ದು ಗೋಡೆಯವರಿಗೆ. ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ ದೊಡ್ಡಮ್ಮ, “ಅಲ್ವೇ, ತಿರುಗಿಸಿದ್ರೆ ಇದಕ್ಕೆಂತ ಆಗತ್ತೆ?” ಎಂದು ಕೇಳಿದರು. ಒಳಗೆ ಆಗುವುದನ್ನೆಲ್ಲ ಬಿಡಿಸಿ ಹೇಳಿದೆ.

“ಮಂಚ ತಿರುಗಿಸೋಕೆ ಮನೇನೇ ಕೆಡವ್ತಾರಾ ಮಾರಾಯ್ತಿ?”

“ಇದು ಹಾಗೇ ದೊಡ್ಡಮ್ಮ. ಆದ್ರೆ ಕೆಡವೋ ಮೊದ್ಲು ಒಂದು ಮಾತು ಕೇಳತ್ತೆ, ಏನಾದ್ರೂ ಎತ್ತಿಡೋದಿದ್ಯಾ ಅಂತ. ನಾನು ಉತ್ತರಾನೇ ಬರ್ದಿರ್ಲಿಲ್ಲ.”

“ಮತ್ತೆ? ಬರಿ!”

ಆ ವಾರ ಅದನ್ನೇ ಬರೆದೆ. ಪರದೆ ಬೀಳುವ ಮುನ್ನ ಎರಡು ಅಂಕೆಯನ್ನು ಎತ್ತಿ ಕೊಡುವುದು, ಹೊಸದು ಎದ್ದ ಕೂಡಲೇ ವಾಪಸ್ ಇಸಿದುಕೊಳ್ಳುವುದು. ನಾಲ್ಕು ದಿಕ್ಕಿಗೂ ತಿರುಗಲು ಬಿಟ್ಟೆ, ತಲೆಕೆಳಗಾದರೂ ಅಂಕೆ ತಾನೇ ನೆಟ್ಟಗಾಗುವಂತೆ. ಉದ್ದಕ್ಕೆ ಹಿಡಿದಾಗ ಒಂದರ ಕೆಳಗೊಂದು, ಅಡ್ಡ ಹಿಡಿದಾಗ ಅಕ್ಕಪಕ್ಕ, ಹೀಗೆ ಎರಡು ನಕ್ಷೆ ಬರೆದೆ. ಮೊದಲ ಸಲ ಏಳು–ನಾಲ್ಕು ಮಾಡಿ ಕಣ್ಣು ಮುಚ್ಚಿ ತಿರುಗಿಸಿದೆ. ಕಣ್ಣು ಬಿಟ್ಟರೆ ಏಳು–ನಾಲ್ಕು! ಸ್ಟಾಫ್ ರೂಮಿನಲ್ಲಿ ನಾನು ಕೂಗಿದ ಕೂಗಿಗೆ ಪಿ.ಟಿ. ಮೇಷ್ಟ್ರ ಕೈಯಲ್ಲಿದ್ದ ಚಹಾ ಅವರ ಅಂಗಿಯ ಪಾಲಾಯಿತು.

ಅದೇ ಹೊತ್ತಿಗೆ ಕಳಸದ ತಂಡದವರು ಆಟಕ್ಕೆ ಕರೆದಿದ್ದರು. ದೊಡ್ಡಮ್ಮನ ಜೀಪು, ಒಳಗೆ ನಾವು ಒಂಬತ್ತು ಹೆಂಗಸರು ಒಬ್ಬರ ಮೇಲೊಬ್ಬರು, ಮುಂದೆ ದೊಡ್ಡಮ್ಮ. ಅಲ್ಲಿಗೂ ಅಂಪೈರ್ ಆದ ಮೇಷ್ಟ್ರು ಬೈಕಿನಲ್ಲಿ ಹಿಂದೆ. ಕೊಟ್ಟಿಗೆಹಾರ ದಾಟಿ ತಿರುವುಗಳು ಶುರುವಾದ ಮೇಲೆ ಕ್ಯಾಪ್ಟನ್ ಟ್ಯಾಬ್ ಕಿತ್ತುಕೊಂಡು ಏಳು–ನಾಲ್ಕು ಮಾಡಿದಳು. ಜೀಪು ಎಡಕ್ಕೆ ವಾಲಿದರೆ ನಾವೆಲ್ಲ ಎಡಕ್ಕೆ, ಟ್ಯಾಬೂ ಎಡಕ್ಕೆ. ಪರದೆ ತಿರುಗುತ್ತಿತ್ತು. “ಏಳು–ನಾಲ್ಕೂ!” ಎಂದು ಒಂಬತ್ತು ಗಂಟಲು ಕೂಗುತ್ತಿತ್ತು. ಬಲಕ್ಕೆ ವಾಲಿದರೆ ಮತ್ತೆ “ಏಳು–ನಾಲ್ಕೂ!” ಬೆಟ್ಟವಿಡೀ ಹೂ ಬಿಟ್ಟ ಕಾಫಿಯ ಘಮ. ನಾನಂತೂ ನಕ್ಕು ನಕ್ಕು ಉಸಿರು ಸಿಗದೆ, ನಿಲ್ಲಿಸಿ ನಿಲ್ಲಿಸಿ ಎಂದು ಕೈಮುಗಿದೆ. ಯಾರು ಕೇಳುತ್ತಾರೆ? ಎದುರಿಗೆ ಬಂದ ಬಸ್ಸಿನವರು ನಮ್ಮನ್ನು ಯಾವುದೋ ಪ್ರಚಾರದವರೆಂದು ತಿಳಿದು ಕೈ ಬೀಸಿದರು.

ಕಳಸದವರು ಬಲು ಗಟ್ಟಿ ಆಟಗಾರರು. ಆದರೂ ಮೂರನೆಯ ಸೆಟ್ಟಿನವರೆಗೆ ಎಳೆದೆವು. ಹದಿಮೂರು–ಹದಿಮೂರು ಆಯಿತು. ಕ್ಯಾಪ್ಟನ್ ಎಸೆದ ಚೆಂಡು ಎದುರಿನವಳ ಕೈಯಿಂದ ಜಾರಿ, ನೇರ ಹೋಗಿ ಟ್ಯಾಬ್ ಇಟ್ಟಿದ್ದ ಸ್ಟೂಲಿಗೆ ಬಡಿಯಿತು. ಟ್ಯಾಬ್ ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು ಹುಲ್ಲಿನ ಮೇಲೆ ಬೋರಲು ಬಿತ್ತು.

ಎರಡೂ ತಂಡದವರು ಓಡಿದರು. ಗಾಜು ಒಡೆಯಿತೇ ಎಂದು ಒಬ್ಬರೂ ಕೇಳಲಿಲ್ಲ. “ಎಷ್ಟಿದೆ? ಎಷ್ಟಿದೆ?” ಅದೊಂದೇ. ದೊಡ್ಡಮ್ಮ ಕುಂಟುತ್ತ ಬಂದು, ಜನರನ್ನು ಸರಿಸಿ, ಅದನ್ನು ಎತ್ತಿ ಹುಲ್ಲು ಒರೆಸಿದರು. ಹದಿಮೂರು–ಹದಿಮೂರು. ಅವರು ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ನಮ್ಮ ಕಡೆ ಕೈ ತೋರಿಸಿದರು. ದೊಡ್ಡಮ್ಮ ಕೆಂಪನ್ನು ಮುಟ್ಟಿದರು. ಹದಿನಾಲ್ಕು!

ಆಮೇಲಿನ ಎರಡು ಪಾಯಿಂಟು ಕಳಸದವರೇ ಹೊಡೆದು ಗೆದ್ದರು. ನನಗೆ ಅದು ಕಾಣಲೇ ಇಲ್ಲ. ಗೆರೆಯ ಹೊರಗೆ ನಾನು ದೊಡ್ಡಮ್ಮನ ಕೈಯಿಂದ ಕಸಿದುಕೊಂಡ ಟ್ಯಾಬನ್ನು ಅಪ್ಪಿಕೊಂಡು ಗಿರಗಿರ ಸುತ್ತುತ್ತಿದ್ದೆ.

“ಸೋತಿದೀವಿ ಕಣೇ!” ಕ್ಯಾಪ್ಟನ್ ಭುಜ ಹಿಡಿದು ಅಲ್ಲಾಡಿಸಿದಳು. “ಎಂತಕ್ಕೆ ಕುಣೀತೀಯ?”

“ಪಲ್ಟಿ ಹೊಡೆದ್ರೂ ಹೋಗಿಲ್ಲ ನೋಡೇ!”

ಅವಳು ಒಂದು ಗಳಿಗೆ ಕಣ್ಣು ಕೆಕ್ಕರಿಸಿದಳು. ಆಮೇಲೆ ನನ್ನ ಸೊಂಟ ಹಿಡಿದು ಅವಳೂ ಸುತ್ತತೊಡಗಿದಳು.

ಮೊಸರವಲಕ್ಕಿ ತಿನ್ನುತ್ತಾ ಕೂತಿದ್ದಾಗ ಕಳಸದ ಕ್ಯಾಪ್ಟನ್ ಬಂದು, “ಅಕ್ಕಾ, ಅದನ್ನ ನಂಗೂ ಹಾಕಿಕೊಡಿ,” ಎಂದು ಫೋನ್ ಮುಂದೆ ಹಿಡಿದಳು. ಹಾಕಿಕೊಟ್ಟೆ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಸ್ವಲ್ಪ ಹೊತ್ತಿಗೆ ಮೈದಾನದ ತುಂಬ ಹೆಂಗಸರು ಫೋನುಗಳನ್ನು ಅಡ್ಡ ಉದ್ದ ತಲೆಕೆಳಗು ತಿರುಗಿಸುತ್ತಾ ತಮ್ಮ ತಮ್ಮ ಅಂಕೆ ಕೂಗುತ್ತಿದ್ದರು. ಒಬ್ಬಳು ಅಂಕೆ ಮುಟ್ಟಿ ಮುಟ್ಟಿ ನೂರು ದಾಟಿಸಿ, ಮೂರು ಅಂಕೆ ಪರದೆಯಲ್ಲಿ ಹಿಡಿಸುತ್ತಿಲ್ಲ ಎಂದು ದೂರು ತಂದಳು. ಜೀಪಿನ ಡ್ರೈವರು ಮೂರನೆಯ ಸಲ ಹಾರನ್ ಹೊಡೆದ.

“ತಡಿಯೋ ಮಾರಾಯ,” ಎಂದರು ದೊಡ್ಡಮ್ಮ, ಟ್ಯಾಬಿನಿಂದ ಕಣ್ಣೆತ್ತದೆ. “ಇದೊಂದ್ಸಲ ತಿರುಗಿಸಿ ಬರ್ತೀನಿ.”