ದೋಣಿಯ ಮೂತಿಯಲ್ಲಿ ನಾನು ತುಂಬಿದ ಸಂದಿ

ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ, ಮಳವಳ್ಳಿ ಕಡೆಯ ಒಂದು ಕಸುಬಿನ ಶಾಲೆಯಲ್ಲಿ ಅಪ್ಪ ಮರದ ದೋಣಿ ಕಟ್ಟುವುದನ್ನು ಕಲಿಸುತ್ತಿದ್ದರು. ಕಲಿಯುವ ಹುಡುಗರು ಏಳೆಂಟು ಜನ. ಮೂರನೇ ಕ್ಲಾಸಿನ ನಾನು ನಮ್ಮ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದೆ. ಹೆರೆದ ಹಲಸಿನ ಮರದ ವಾಸನೆ, ಕಾಯುತ್ತಿರುವ ರಾಳದ ಹೊಗೆ ಈಗಲೂ ಮೂಗಿಗೆ ಬರುತ್ತವೆ.

ಹಲಗೆಗಳ ನಡುವಿನ ಸಂದಿಗೆ ಹತ್ತಿಯ ಹುರಿ ತುರುಕಿ, ಮೇಲೆ ರಾಳ ಬಳಿಯಬೇಕು. ದೋಣಿಯ ಮುಂತುದಿಯ ಚೂಪು ಮೂತಿ ಇಕ್ಕಟ್ಟು. ಹುಡುಗರ ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ಅಪ್ಪ ನನ್ನನ್ನು ಒಳಗೆ ಇಳಿಸಿದರು.

“ಮೇಷ್ಟ್ರು ಇಲಿ ಬುಟ್ಟವ್ರೆ ಕಣ್ಲಾ,” ಎಂದು ಒಬ್ಬ ಹುಡುಗ ನಕ್ಕ.

ನಾಲ್ಕು ದಿನ ಉಗುರಿನ ಬುಡ ಸುಲಿಯುವಷ್ಟು ತುರುಕಿದೆ. ಅಪ್ಪ ಬೆರಳಿನಿಂದ ಒತ್ತಿ ನೋಡಿ, “ಗಟ್ಟಿಯಾಗದೆ ಕಣವ್ವ. ಮೊದಲ್ನೇ ದಿನ ಎಂಥ ದೋಣಿನೂ ಸೋರ್ತದೆ. ನೆಂದ್ ಮೇಲೆ ಹಲಗೆ ಉಬ್ಕಂಡು ತಾನೇ ಮುಚ್ಕತದೆ,” ಎಂದರು.

ದೋಣಿಯನ್ನು ಕೆರೆಗೆ ಇಳಿಸುವ ದಿನ ಶಾಲೆಯ ತಪಾಸಣೆಯ ಸಾಹೇಬರು ಬಂದರು. ಹಸಿರು ಲಂಗ ಉಟ್ಟು ನಾನು ಅಪ್ಪನ ಪಕ್ಕದಲ್ಲೇ ನಿಂತೆ. ಮೂತಿಯ ಕೆಲಸ ಯಾರದೆಂದು ಅಪ್ಪ ಹೇಳುತ್ತಾರೆಂದು ಕಾದೆ. ಸಾಹೇಬರು ಹತ್ತಿ ಕೂತರು. ಮೂರ್ನಾಲ್ಕು ಕಡೆ ನೀರು ಜಿನುಗಿತು, ಮೂತಿಯಲ್ಲೂ. ಅವರ ಬೂಟು ನೆನೆಯಿತು.

“ಏನ್ ಮೇಷ್ಟ್ರೇ ಇದು?”

ಅಪ್ಪ ನೆಲ ನೋಡಿದರು. “ನಮ್ಮುಡುಗಿ ಆಟಾಡ್ತಾ ಕೈಯಿಕ್ಬುಟ್ಟವಳೆ ಸ್ವಾಮಿ.”

ಎಲ್ಲರೂ ನನ್ನ ಕಡೆ ತಿರುಗಿದರು. “ಇಲಿ ಕೊರ್ದದೆ ಕಣ್ಲಾ,” ಎಂದ ಅದೇ ಹುಡುಗ.

ಹುಡುಗರು ಅಂದೇ ಒಳಗಿನ ನೀರನ್ನೆಲ್ಲ ತೋಡಿ ಹಾಕಿ, ದೋಣಿಯನ್ನು ಕೆರೆಯಲ್ಲೇ ಕಟ್ಟಿದ್ದರು. ಮಾರನೆಯ ಬೆಳಿಗ್ಗೆ ಒಬ್ಬಳೇ ಹೋಗಿ ಮೂತಿಯೊಳಗೆ ಕೈಯಾಡಿಸಿದೆ. ಹೊಸದಾಗಿ ಒಂದು ಹನಿಯೂ ಬಂದಿರಲಿಲ್ಲ. ಮನೆಗೆ ಓಡಿ ಬಂದು, “ಸೋರೋದು ನಿಂತದೆ ಅಪ್ಪ,” ಎಂದೆ.

“ಗೊತ್ತು ಬುಡವ್ವ,” ಎಂದು ಅಪ್ಪ ಕಾಫಿ ಕುಡಿದರು.

ಸಾಹೇಬರಿಗೆ ಅವರು ಹೇಳಲಿಲ್ಲ. ಹುಡುಗರಿಗೂ ಹೇಳಲಿಲ್ಲ. ನಾನು ಮತ್ತೆ ಆ ಶಾಲೆಗೆ ಕಾಲಿಡಲಿಲ್ಲ.

ಈಗ ನಿಮ್ಮ ಅಕ್ಕ ಅಂಥದೇ ಶಾಲೆಯಲ್ಲಿ ದೋಣಿ ಕಟ್ಟಲು ಕಲಿಯುತ್ತಿದ್ದಾಳೆ. ಹೋದ ವಾರ ಅವಳು ಕಳಿಸಿದ ವಿಡಿಯೋವನ್ನು ನಿಮ್ಮ ಜೊತೆ ಕೂತು ನಾನೂ ನೋಡಿದೆ. ಅವಳ ದೋಣಿಯೂ ಸೋರಿತು. ಅವಳ ಮೇಷ್ಟ್ರು ಅಷ್ಟು ಜನರ ಮುಂದೆ, “ಮೊದಲ್ನೇ ದಿನ ಎಲ್ಲಾ ದೋಣಿನೂ ಸೋರ್ತವೆ. ಈ ಹುಡುಗಿ ಕೆಲಸ ಗಟ್ಟಿಯಾಗದೆ,” ಎಂದರು.

ಆ ಮಾತನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದೆ. “ಅದನ್ನೇ ಎಷ್ಟ್ ಸಲ ಕೇಳ್ತೀಯ ಅಜ್ಜಿ?” ಎಂದು ನೀವು ನಕ್ಕಿರಿ. ಯಾಕೆಂದು ಆಗ ಹೇಳಲು ನಾಚಿಕೆಯಾಯಿತು. ಅದಕ್ಕೇ ಈಗ ಬರೆದೆ.