ಅಕ್ಕ ಹೇಳಿದ ಒಂಬತ್ತು ಅಂಕಿಗಳು

ಗಣಿತ ಕಲಿಸಿ ಹೊಟ್ಟೆ ಹೊರೆದವನು ನಾನು. ದೆವ್ವ ಕಂಡೆ, ಕನಸಿನಲ್ಲಿ ದೇವರು ಬಂದ ಎನ್ನುವವರನ್ನು ಹಾವೇರಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಾಕಷ್ಟು ಗೋಳು ಹೊಯ್ದುಕೊಂಡಿದ್ದೇನೆ. ಈಗ ಅವರು ನನ್ನನ್ನು ನೋಡಿ ನಗಬಹುದು. ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಪ್ರತಿ ವರ್ಷ ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಒಂದು ಸಂಖ್ಯೆ ಬರೆಯುವುದು ನನ್ನ ಚಟ. ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ. ಒಟ್ಟು ಇಪ್ಪತ್ತೊಂದು ಅಂಕಿ. ಅದು ಒಡೆಯುತ್ತದೆ, ಅಂದರೆ ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನು ಗುಣಿಸಿ ಅದನ್ನು ಪಡೆಯಬಹುದು ಎಂದು ಮೊದಲೇ ಸಾಬೀತಾಗಿತ್ತು. ಯಾವ ಸಂಖ್ಯೆಗಳು ಎಂಬುದು ಮಾತ್ರ ಎಷ್ಟೋ ವರ್ಷ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಸಿಕ್ಕ ಆ ಎರಡನ್ನು ನಾನು ಧಾರವಾಡದಲ್ಲಿ ಓದುವಾಗ ಒಂದು ಪುಸ್ತಕದಲ್ಲಿ ಕಂಡಿದ್ದೆ, ನೆನಪಿಟ್ಟುಕೊಂಡಿರಲಿಲ್ಲ. ಇಪ್ಪತ್ತೊಂದು ಅಂಕಿಯ ಆ ದೊಡ್ಡದು ಮಾತ್ರ ಬಾಯಿಪಾಠ.

ಬ್ಯಾಡಗಿಯಲ್ಲಿದ್ದ ನನ್ನ ಅಕ್ಕನಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಬದುಕು ಕಳೆದವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾಲ್ಕು ವರ್ಷದ ಹಿಂದೆ ಅವಳಿಗೆ ಲಕ್ವಾ ಹೊಡೆಯಿತು. ಮಗಳು ರೇಣುಕಾ ಅವಳನ್ನು ರಾಣೆಬೆನ್ನೂರಿನ ಆಸ್ಪತ್ರೆಗೆ ಸೇರಿಸಿದಳು. ಎರಡು ದಿನ ಮಾತಿಲ್ಲ. ಮೂರನೇ ದಿನ ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತಿದ್ದಾಗ ನನ್ನ ಕೈ ಹಿಡಿದು, "ತಮ್ಮಾ" ಎಂದಳು. ಆಮೇಲೆ, "ಒಂದು, ಒಂಬತ್ತು, ಮೂರು..." ಹೀಗೆ ಒಂಬತ್ತು ಅಂಕಿ. ಮತ್ತೆ ಮೊದಲಿನಿಂದ ಅವೇ ಒಂಬತ್ತು. ಒಂದೂ ಹಿಂದುಮುಂದಾಗಲಿಲ್ಲ. ಪ್ರತಿ ಸಲ ಮುಗಿಸಿ, ಉತ್ತರಕ್ಕೆ ಕಾಯುವವಳಂತೆ ನನ್ನ ಮುಖ ನೋಡುತ್ತಿದ್ದಳು.

"ಮಾಮಾ, ಇದು ಯಾರ್ದೋ ಮೊಬೈಲ್ ನಂಬರ್ ಐತಿ. ಮೊದಲಿನ ಅಂಕಿ ಬಿಟ್ಟಾಳ. ಯಾರನ್ನೋ ನೋಡ್ಬೇಕಂತ ಆಸೆ ಆಗೇತಿ ಅವ್ವಗ," ಎಂದಳು ರೇಣುಕಾ. ಮುಂದೆ ಆರು, ಏಳು, ಎಂಟು, ಒಂಬತ್ತು ಹಚ್ಚಿ ನಾಲ್ಕೂ ನಂಬರಿಗೆ ಫೋನ್ ಮಾಡಿದಳು. ಮೂರು ಹತ್ತಲಿಲ್ಲ. ನಾಲ್ಕನೆಯದನ್ನು ಯಾರೋ ಎತ್ತಿದರು. ಫೋನನ್ನು ಅವ್ವನ ಬಾಯಿಯ ಹತ್ತಿರ ಹಿಡಿದಳು. ಪಾಪ, ಅವರು ಪೂರ್ತಿ ಕೇಳಿಸಿಕೊಂಡು, "ನಮಗ ಗುರ್ತು ಹತ್ತವಲ್ದು ತಂಗಿ. ಲಗೂ ಆರಾಮಾಗ್ಲಿ ಅವರಿಗೆ," ಎಂದರು.

ಅಷ್ಟರಲ್ಲಿ ನನ್ನ ತಲೆಯಲ್ಲಿ ಏನೋ ಕೊರೆಯತೊಡಗಿತ್ತು. ಆ ಅಂಕಿಗಳನ್ನು ಎಲ್ಲೋ ಕಂಡಿದ್ದೆ. ಅಕ್ಕನ ಹಿಡಿತದಿಂದ ಕೈ ಬಿಡಿಸಿಕೊಂಡು, ಔಷಧಿ ಚೀಟಿ ತೆಗೆದುಕೊಂಡು ಹೊರಗಿನ ಬೆಂಚಿಗೆ ಹೋದೆ. ಮೊಬೈಲಿನ ಕ್ಯಾಲ್ಕುಲೇಟರ್ ಅಷ್ಟು ದೊಡ್ಡ ಸಂಖ್ಯೆಯನ್ನು ಪೂರ್ತಿ ತೋರಿಸದು. ಚೀಟಿಯ ಹಿಂಬದಿಯಲ್ಲಿ ನನ್ನ ಇಪ್ಪತ್ತೊಂದು ಅಂಕಿ ಬರೆದು, ಅಕ್ಕನ ಒಂಬತ್ತರಿಂದ ಕೈಯಲ್ಲೇ ಭಾಗಿಸಿದೆ. ಶೇಷ ಸೊನ್ನೆ. ನಂಬದೆ ತಿರುಗಿ ಗುಣಿಸಿದೆ. ಸರಿಯಾಗಿತ್ತು. ಸುಳ್ಳು ಹೇಳುವುದಿಲ್ಲ, ಅಕ್ಕ ಸಾವಿನ ಬಾಯಲ್ಲಿದ್ದಾಳೆಂಬುದನ್ನೇ ಮರೆತು ಆ ಗಳಿಗೆ ನನಗೆ ಸಂತೋಷವಾಗಿತ್ತು.

ಒಳಗೆ ಓಡಿದೆ. ಉತ್ತರ ಸಿಕ್ಕಿತೆಂದು ಹೇಳಿ, ಭಾಗಿಸಿ ಬಂದ ಎರಡನೆಯ ಸಂಖ್ಯೆಯ ಹನ್ನೆರಡೂ ಅಂಕಿಗಳನ್ನು ಅವಳ ಕಿವಿಯಲ್ಲಿ ಓದಿದೆ. ಅಕ್ಕ ಕೊನೆಯವರೆಗೂ ಕೇಳಿದಳು. ಕಣ್ಣಲ್ಲಿ ನೀರು ಬಂತು. ಅಲ್ಲ ಎಂದೋ, ಸಾಕು ಎಂದೋ, ತಲೆ ಅಲ್ಲಾಡಿಸಿ ಮುಖ ಆಚೆ ತಿರುಗಿಸಿದಳು. ಮತ್ತೆ ಮಾತಾಡಲಿಲ್ಲ. ಕೈಗೆ ಕೈ ಕೊಟ್ಟರೂ ಹಿಡಿಯಲಿಲ್ಲ. ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು.

ಆ ಸಂಖ್ಯೆ ಅವಳ ಬಾಯಿಗೆ ಹೇಗೆ ಬಂತೆಂದು ಯೋಚಿಸಿ ಸೋತಿದ್ದೇನೆ. ನಾನೇ ಎಂದೋ ಗಟ್ಟಿಯಾಗಿ ಓದಿದ್ದನ್ನು ಕೇಳಿರಬಹುದೇ ಎಂದರೆ, ಆ ಪುಸ್ತಕ ಎಂದೂ ಬ್ಯಾಡಗಿಗೆ ಬಂದದ್ದಲ್ಲ. ಡಾಕ್ಟರು ಮೆದುಳಿನ ಬಗ್ಗೆ ಏನೇನೋ ಹೇಳಿದರು, ಚೀಟಿ ತೋರಿಸಿದಾಗ ಅದನ್ನು ತಿರುಗಿಸಿ ನೋಡಿ ಮರಳಿ ಕೊಟ್ಟರು.

ರೇಣುಕಾ ಈಗಲೂ ಬಂದಾಗಲೆಲ್ಲ ಕೇಳುತ್ತಾಳೆ: "ಮಾಮಾ, ನೀವು ಲೆಕ್ಕದ ಮಾಸ್ತರು. ಅವ್ವ ನಿಮಗ ಏನ್ ಕೇಳಾಕತ್ತಿದ್ಲು, ಖರೇ ಹೇಳ್ರಿ."

ನಾನು ಮತ್ತೆ ಆ ಸಂಖ್ಯೆಯ ಕತೆ ಶುರು ಮಾಡುತ್ತೇನೆ.

"ನಾ ಕೇಳಿದ್ದು ಅದಲ್ರಿ, ಮಾಮಾ," ಎನ್ನುತ್ತಾಳೆ.

ನನಗೆ ಗೊತ್ತಿರುವುದು ಅದೊಂದೇ.